ಎಲ್ಲ ಮಾತ್ರೆಯೂ ಫ್ರೆಂಡ್‌ಗೇ

ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ನಮ್ಮ ಮನೆ ಕೆಳಗೇ ಒಬ್ಬರ ಮೆಡಿಕಲ್ ಶಾಪು ಇತ್ತು. ಗುಪ್ತರೋಗಕ್ಕೆ ಮಾತ್ರೆ ಕೇಳಲು ಬಂದ ಯಾವ ಗಂಡಸೂ 'ನನಗೆ' ಅನ್ನುತ್ತಿರಲಿಲ್ಲ, ಎಲ್ಲರದೂ 'ಫ್ರೆಂಡ್‌ಗೆ'. ಅಂಗಡಿಯವರು ಕನ್ನಡಕ ಹಣೆಗೇರಿಸಿ ಒಂದೇ ಮಾತು ಹೇಳುತ್ತಿದ್ದರು: "ನಿನ್ ಫ್ರೆಂಡು ಎಂಡ್ರನ್ನೂ ಕರ್ಕೊಂಡು ಡಾಕ್ಟ್ರತ್ರ ಓಗ್ಲಿ ಕಣಪ್ಪ."

ಒಮ್ಮೆ ಕೇರಳಕ್ಕೆ ಶುಂಠಿ ಸಾಗಿಸುವ ಲಾರಿ ಡ್ರೈವರ್ ಬಂದು ಇದೇ ಮಾತು ಕೇಳಿಸಿಕೊಂಡ.

"ಎಂಡ್ರ್ಯಾಕಣ್ಣ?"

"ಅವಳಿಗೂ ಅಂಟಿರ್ತದೆ ಕಣ್ಲಾ. ಇವ್ನೊಬ್ನೇ ವಾಸಿಯಾದ್ರೆ ಅವಳಿಂದ ವಾಪಸ್ ಬತ್ತದೆ."

"ಅಯ್ಯೋ, ಗೊತ್ತಾದ್ರೆ ನನ್ನನ್ನ ಮನೆಯಿಂದ ಓಡುಸ್ತಾಳೆ!"

"ನಿನ್ನ್ಯಾಕ್ಲಾ ಓಡುಸ್ತಾಳೆ? ಕಾಯ್ಲೆ ಫ್ರೆಂಡ್ದಲ್ವಾ?"

ಅವನು ತಲೆ ತಗ್ಗಿಸಿ ಹೋದ. ತಿಂಗಳಾದ ಮೇಲೆ ಹೆಂಡತಿ ಜೊತೆ ಅಂಗಡಿ ಮುಂದೆ ಬಂದಾಗ ಅಂಗಡಿಯವರು ಕನ್ನಡಕ ಏರಿಸಿದರು: "ಫ್ರೆಂಡು ಎಂಗವ್ನಪ್ಪ?"

ಉತ್ತರ ಕೊಟ್ಟದ್ದು ಹೆಂಡತಿ: "ಇಬ್ರಿಗೂ ವಾಸಿಯಾಯ್ತು ಕಣಣ್ಣ. ಫ್ರೆಂಡು ಮಾತ್ರ ಇನ್ನೂ ಜಗುಲಿ ಮೇಲೇ ಮಲಗ್ತಾವ್ನೆ."