ಸಂತಪುರದ ಸುಳ್ಳು ರೋಗಿಗಳು

ಸಂತಪುರದ ಬಸ್‌ ನಿಲ್ದಾಣದ ಎದುರು ಚಹಾದಂಗಡಿ ಇಟ್ಟಿದ್ದ ಸುಭದ್ರಾಬಾಯಿಗೆ ಸ್ವಂತ ಸಂಸಾರ ಸಾಲದೆ ಊರ ಉಸಾಬರಿಯೂ ಬೇಕಿತ್ತು. ಅದರಲ್ಲೂ ಡಾಕ್ಟರರ ಉಸಾಬರಿ. ಸರಕಾರಿ ದವಾಖಾನೆಗೆ ಹೊಸ ಡಾಕ್ಟರು ಬಂದಿಳಿದರೆ ಮೊದಲ ಚಹಾ ಅವಳದೇ. ವರ್ಗ ಮಾಡಿಸಿಕೊಂಡು ಹೊರಟರೆ ಬೈಗುಳವೂ ಅವಳದೇ. ಹಾಗೆ ಎಷ್ಟು ಜನ ಬಂದರೋ, ಹೋದರೋ! ಬೈದು ಬೈದು ನಾಲಿಗೆ ಸವೆದರೂ ಅವಳ ಆಸೆ ಮಾತ್ರ ಸವೆದಿರಲಿಲ್ಲ.

2015ರಲ್ಲಿ ಮಳೆ ಕೈಕೊಟ್ಟಿತು. ದೀಪಾವಳಿ ಮುಗಿದದ್ದೇ ತಡ, ಗಟ್ಟಿಮುಟ್ಟಾದವರೆಲ್ಲ ಮಕ್ಕಳುಮರಿ ಕಟ್ಟಿಕೊಂಡು ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋದರು. ಉಳಿದವರು ಮುದುಕರು. ಆಗ ಬಂದವಳು ಡಾಕ್ಟರ್ ಅಜೀಜಾ ಬೇಗಂ, ಬೀದರಿನ ಮೈಲೂರದ ಹುಡುಗಿ. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ತಿರುಗಿ ಹೋಗುತ್ತಿದ್ದಳು. ಸುಭದ್ರಾಬಾಯಿಗೆ ಅವಳನ್ನು ಕಂಡರೆ ಹೊಟ್ಟೆಯಲ್ಲಿ ಹುಟ್ಟಿದವಳಷ್ಟು ಪ್ರೀತಿ; ಅವಳಿಗೂ ಇವಳು ಮೌಸಿ, ಚಿಕ್ಕಮ್ಮ.

ಒಂದು ದಿನ ಚಹಾ ಕುಡಿಯುತ್ತ ಹುಡುಗಿ ಬೇಸರದಿಂದ ಹೇಳಿದಳು: "ದಿನಾ ಖಾಲಿ ಕುರ್ಚಿ ನೋಡ್ಕೋತ ಕೂಡ್ತೇನಿ ಮೌಸಿ. ಪೇಶಂಟೇ ಬರಂಗಿಲ್ಲ. ಭಾಲ್ಕಿಗೆ ವರ್ಗ ಕೇಳ್ಬೇಕಂತ ಮಾಡೇನಿ."

ಸುಭದ್ರಾಬಾಯಿ ಅಲ್ಲೇ ಒಂದು ಉಪಾಯ ಹೂಡಿದಳು. ಪೇಶಂಟು ತಾನೇ ಬೇಕು? ಮರುದಿನ ಅಂಗಡಿ ಮುಂದಿನ ಕಟ್ಟೆಯ ಮುದುಕರಿಗೆಲ್ಲ ಚಹಾದ ಜೊತೆ ಒಂದೊಂದು ರೋಗವನ್ನೂ ಹಂಚಿದಳು. ಕಾಶೀರಾಮನಿಗೆ ಕೆಮ್ಮು, ಹಾವಗೆಪ್ಪನಿಗೆ ಹಲ್ಲುನೋವು. ತನಗೆ ತಲೆನೋವು ಇಟ್ಟುಕೊಂಡಳು. ಅದು ಹೇಗೂ ದಿನಾ ಇರುವಂಥದು, ನಟಿಸುವ ಕಷ್ಟವಿಲ್ಲ.

ದವಾಖಾನೆಯಲ್ಲಿ ನಾಟಕ ಬಹಳ ಹೊತ್ತು ನಡೆಯಲಿಲ್ಲ. ಕಾಶೀರಾಮ ಕೆಮ್ಮುವುದನ್ನೇ ಮರೆತು ಜೋಳದ ಬೆಳೆಯ ಮಾತಿಗೆ ಕುಳಿತ. ಹಾವಗೆಪ್ಪ ಬಾಯಿ ತೆರೆದರೆ ಅಲ್ಲಿ ಒಂದು ಹಲ್ಲೂ ಇರಲಿಲ್ಲ.

"ಯಾವ ಹಲ್ರಿ ಮುತ್ಯಾ?"

"ಹೋದ ಹಲ್ಲಽ ನೋಯ್ತದವ್ವಾ!"

ಅಜೀಜಾ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮುದುಕರೂ ನಕ್ಕರು. ಇದು ಯಾರ ಹಿಕಮತ್ತು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ನಗುತ್ತಲೇ ಸುಭದ್ರಾಬಾಯಿಯ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು. ನಗು ನಿಂತಿತು. ಇನ್ನೊಮ್ಮೆ ನೋಡಿದಳು.

"ತಲಿನೋವು ಎಷ್ಟು ದಿನದಿಂದ ಅದ, ಮೌಸಿ?"

"ಒಲಿ ಹೊಗಿದ್ದು ಬಿಡ್ರಿ. ವರ್ಷಗಟ್ಲೆ ಅದ."

"ಹೊಗಿದ್ದಲ್ಲ, ಬಿಪಿ ಭಾಳ ಅದ. ದಿನಾ ಗುಳಿಗಿ ತಗೋಬೇಕು. ವಾರಾ ವಾರಾ ಬಂದು ನನಗ ತೋರಿಸ್ಬೇಕು."

ಸುಭದ್ರಾಬಾಯಿಗೆ ತನ್ನ ರೋಗದ ಚಿಂತೆ ಬರಲೇ ಇಲ್ಲ. "ನಾ ಬರ್ತೇನ್ರಿ. ನೀವು ಇರ್ತೀರೇನ್ರಿ?" ಎಂದಳು.

ಅಜೀಜಾ ಮುದುಕರನ್ನೆಲ್ಲ ತಿರುಗಿ ಕೂರಿಸಿ, ಮೊದಲಿನಿಂದ ಒಬ್ಬೊಬ್ಬರನ್ನೇ ನೋಡತೊಡಗಿದಳು. ಈ ಸಲ ಅವರು ಹೇಳಿದ ರೋಗ ಬಿಟ್ಟು ಹೇಳದ್ದನ್ನು ಕೇಳಿದಳು. ಕಾಶೀರಾಮನಿಗೆ ಸಕ್ಕರೆ ಕಾಯಿಲೆ ಇತ್ತು. ಹಾವಗೆಪ್ಪನ ಒಂದು ಕಣ್ಣಿಗೆ ಪೊರೆ ಬಂದಿತ್ತು. ಮಗ ಬರಲಿ, ಸೊಸೆ ಬರಲಿ ಎಂದು ನುಂಗಿಕೊಂಡು ಕುಳಿತಿದ್ದ ನೋವುಗಳೆಲ್ಲ ಒಂದೊಂದಾಗಿ ಹೊರಬಂದವು. ಕೇಳಿಸಿಕೊಳ್ಳುವವರು ಸಿಕ್ಕರೆ ಮುದುಕರಿಗೆ ಮಾತಿಗೇನು ಬರ?

ಸಂಜೆ ಬೀದರಿನ ಬಸ್ಸು ಬಂದು ಡ್ರೈವರ್ ಹಾರ್ನ್ ಹೊಡೆದ. ಮತ್ತೆ ಹೊಡೆದ. ಅಜೀಜಾ ಕಿಟಕಿಯಿಂದ ಕೈಬೀಸಿ, "ನೀವು ಹೋಗ್ರಿ, ಇನ್ನೂ ಮಂದಿ ಅದಾರ" ಎಂದು ಕೂಗಿದಳು. ಬಸ್ಸು ಹೊರಟೇ ಹೋಯಿತು. ಸುಭದ್ರಾಬಾಯಿ ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದಳು.

"ಮೌಸಿ, ಇವತ್ತಿನ ರಾತ್ರಿ ನಿಮ್ಮನ್ಯಾಗ ಇರ್ತೇನಿ. ನಾಳಿಗೆ ಒಂದು ಬಾಡಿಗಿ ಮನಿ ನೋಡ್ರಿ. ಅಮ್ಮೀನ್ನೂ ಕರ್ಕೊಂಡು ಬರ್ತೇನಿ."

ನಾಳೆಯ ತನಕ ಕಾಯುವ ಜೀವವೇ ಅದು? ಸುಭದ್ರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮನೆ ಹುಡುಕಲು ಆಗಲೇ ಓಡತೊಡಗಿದಳು. ಹಿಂದಿನಿಂದ ಡಾಕ್ಟರು ಕೂಗುತ್ತಲೇ ಇದ್ದಳು:

"ಓಡಬ್ಯಾಡ್ರಿ ಮೌಸಿ, ಬಿಪಿ ಅದ!"