ಮುಲಾಮು ಭಾವ ಕಾರು ಹುಡುಕಿದ್ದು

ನಮ್ಮ ಭಾವನಿಗೆ ಕೆಲಸದ ಜಾಗದಲ್ಲಿ ಮುಲಾಮು ಎಂದು ಹೆಸರು. ಎಲ್ಲಿ ಪೆಟ್ಟಾಗಿದೆಯೋ ಅಲ್ಲಿ ಸವರುವವರು ಅಂತ. ಹಳೆಯ ಕಾರು ಕೊಂಡು ಮಾರುವ ಅಂಗಡಿಯೊಂದರ ಹಿಂದೆ ಒಂದು ತಗಡಿನ ಶೆಡ್ಡು. ಇಪ್ಪತ್ತಾರು ವರ್ಷದಿಂದ ಅವರು ಅಲ್ಲಿ ಗುದ್ದಿಸಿಕೊಂಡು ಬಂದ ಗಾಡಿಯ ತಗ್ಗಿಗೆ ಪುಟ್ಟಿ ಮೆತ್ತಿ, ಉಪ್ಪು ಕಾಗದದಲ್ಲಿ ಉಜ್ಜಿ, ಬಣ್ಣ ಹೊಡೆದು ಮುಂದಿನ ಅಂಗಳಕ್ಕೆ ಕಳಿಸುತ್ತಾರೆ. ಮೇಲೆ ಥಳುಕು, ಒಳಗೆ ಹುಳುಕು. ನನಗೆ ಆ ಕಸುಬು ಕಂಡರೆ ಮೊದಲಿನಿಂದಲೂ ಹೇಸಿಗೆ. ನನ್ನ ಕಾಲೇಜಿನ ಫೀಸು ಕಟ್ಟಿದ್ದೂ ಅದೇ ಪುಟ್ಟಿ, ಅದು ಬೇರೆ ಮಾತು.

ಅವರ ಮನೆಗೆ ಹೋದರೆ ಟವೆಲ್ಲಿಗೆ ಥಿನ್ನರಿನ ವಾಸನೆ, ನೀರಿನ ಲೋಟಕ್ಕೂ ಥಿನ್ನರಿನ ವಾಸನೆ. ಅಕ್ಕನಿಗೆ ಮೂಗು ಸತ್ತು ಎಷ್ಟೋ ವರ್ಷವಾಗಿದೆ. ಭಾವನ ಕೈ ಮಾತ್ರ ಬಹಳ ಚೊಕ್ಕ. ಬಾಗಿಲಿನ ಅಂಚಿನ ಪುಟ್ಟಿಯನ್ನು ಕೊನೆಗೆ ಹೆಬ್ಬೆರಳಿನಲ್ಲೇ ತೀಡುತ್ತಾರೆ. ಗಾಡಿ ತಕರಾರಾಗಿ ವಾಪಸು ಬಂದರೆ ಯಾರ ಕೆಲಸ ಎಂದು ತಿಳಿಯಲಿ ಎಂದು ಆ ಶೆಡ್ಡಿನ ಪೇಂಟರುಗಳೆಲ್ಲ ಬಾಗಿಲಿನ ರಬ್ಬರಿನ ಹಿಂದೆ, ಯಾರೂ ನೋಡದ ಕಡೆ, ಪೆನ್ಸಿಲಿನಲ್ಲಿ ತಮ್ಮ ತಮ್ಮ ಗುರುತು ಹಾಕುವುದು ರೂಢಿ. ಭಾವನದು ಎರಡು ಗೀಟು, ಕೆಳಗೊಂದು ಚುಕ್ಕೆ. ಇದು ಮೋಸವಲ್ಲವೇ ಎಂದು ಒಮ್ಮೆ ಕೇಳಿದ್ದಕ್ಕೆ, ಬಣ್ಣ ಹಚ್ಚುವವನು ನಾನು, ಸುಳ್ಳು ಹೇಳಿ ಮಾರುವವನು ಯಜಮಾನ ಎಂದು ಕೈ ತೊಳೆದುಕೊಂಡಿದ್ದರು.

ಹೋದ ತಿಂಗಳು ಅವರ ಮಗಳಿಗೆ, ಅಂದರೆ ನನ್ನ ಸೋದರಸೊಸೆಗೆ, ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಸ್ವಂತ ಕಾರು ಇದ್ದರೆ ಮಾತ್ರ ಒಂದನೇ ತಾರೀಕಿಗೆ ಬನ್ನಿ, ಇಲ್ಲದಿದ್ದರೆ ಬೇರೆಯವರಿದ್ದಾರೆ ಎಂದು ಹೇಳಿದ್ದರು. ಹುಡುಗಿಗೆ ಇಪ್ಪತ್ತೊಂದು ವರ್ಷ, ಲೈಸೆನ್ಸು ಬಂದು ಎರಡು ತಿಂಗಳು. ದಿನಕ್ಕೆ ನೂರು ಕಿಲೋಮೀಟರ್ ಹೆದ್ದಾರಿಯಲ್ಲಿ ಓಡಬೇಕಾದ ಕೂಸಿಗೆ ಅಗ್ಗದ, ನಂಬಿಕೆಯ ಗಾಡಿ ಬೇಕು. ನಿಮ್ಮ ಅಂಗಡಿಯಲ್ಲೇ ಸಾಲಾಗಿ ನಿಂತಿವೆಯಲ್ಲ ಎಂದೆ. ಭಾವ ನನ್ನ ಮುಖ ನೋಡದೆ, “ನಮ್ಮ ಅಂಗಡೀದು ಬೇಡ” ಎಂದರು. ಥೂ, ಎನಿಸಿತು ನನಗೆ.

ಮೂರು ಭಾನುವಾರ ಅಲೆದೆವು. ಜಾಹೀರಾತು ನೋಡಿದರೆ ಪ್ರತಿಯೊಂದು ಗಾಡಿಯೂ ಡಾಕ್ಟರು ಓಡಿಸಿದ್ದು. ಊರಿನ ಡಾಕ್ಟರುಗಳೆಲ್ಲ ಇಷ್ಟೊಂದು ಕಾರು ಓಡಿಸಿಕೊಂಡಿದ್ದರೆ ರೋಗಿಗಳನ್ನು ನೋಡಿದವರು ಯಾರೋ. ಒಂದರ ಮೀಟರಿನಲ್ಲಿ ಮೂವತ್ತು ಸಾವಿರ ಕಿಲೋಮೀಟರ್; ಬ್ರೇಕಿನ ಪೆಡಲ್ಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು. ಇನ್ನೊಂದರ ಬಾಗಿಲು ತೆಗೆದರೆ ಗುಲಾಬಿ ಸೆಂಟು ಮುಖಕ್ಕೆ ಹೊಡೆಯಿತು. ಭಾವ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ತೋರಿಸಿದರು: ತುದಿಯ ಮೊಳದಷ್ಟು ಪಟ್ಟಿಗೆ ಕೆಸರು ಹಿಡಿದು ಒಣಗಿತ್ತು. ಗಾಡಿ ನೀರಿನಲ್ಲಿ ಮುಳುಗಿ ಎದ್ದದ್ದು. ಮಾರುವವನು ಹಲ್ಲು ಕಿರಿಯುತ್ತ, ನೀವು ಕಂಬಳಿಯಲ್ಲಿ ಕೂತು ಉಣ್ಣುತ್ತ ಕೂದಲು ಎಣಿಸುತ್ತೀರಿ ಎಂದ. ಅವನ ಮಾತು ನಮ್ಮ ಭಾವನಿಗೆ ಎಷ್ಟು ಸರಿಯಾಗಿ ತಾಗುತ್ತದೆ ಎಂದು ಅವನಿಗೇನು ಗೊತ್ತು. ಭಾವ ಮಾತ್ರ ಪ್ರತಿ ಸಲವೂ ಹೊರಗೆ ಬಂದು, ಈ ಜನಕ್ಕೆ ಮಾನ ಮರ್ಯಾದೆ ಇಲ್ಲ ಎಂದು ಉಗಿಯುವರು.

ಮೂರನೆಯ ಭಾನುವಾರ, ಒಂದನೇ ತಾರೀಕಿಗೆ ಐದು ದಿನ ಉಳಿದಿದ್ದಾಗ, ಊರಿನ ಇನ್ನೊಂದು ತುದಿಯ ಬ್ರೋಕರನ ಅಂಗಳದಲ್ಲಿ ಒಂದು ಚಿಕ್ಕ ನೀಲಿ ಕಾರು ಸಿಕ್ಕಿತು. ಬೆಲೆ ನಮ್ಮ ಕೈಗೆಟಕುವಂತಿತ್ತು. ಇಂಜಿನ್ನಿನ ಸದ್ದು ಕೇಳಿ ಭಾವ ತಲೆಯಾಡಿಸಿದರು. ಟೈರು ಚೆನ್ನಾಗಿದ್ದವು. ಹುಡುಗಿ ಆಗಲೇ ಒಳಗೆ ಕೂತು ಸೀಟು ಮುಂದಕ್ಕೆಳೆದುಕೊಂಡು, ರಕ್ತದ ಡಬ್ಬಿ ಇಡಲು ಪಕ್ಕದಲ್ಲಿ ಜಾಗ ಅಳೆಯುತ್ತಿದ್ದಳು. ಅಂತೂ ಆಯಿತಲ್ಲ ಎಂದು ನಾನು ಉಸಿರು ಬಿಟ್ಟೆ. ಭಾವ ಸುಮ್ಮನೆ ಬಾಗಿಲಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೊಮ್ಮೆ ಆಡಿಸಿದರು. ಆಮೇಲೆ ರಬ್ಬರನ್ನು ಮೆಲ್ಲಗೆ ಬಿಡಿಸಿದರು. ಎರಡು ಗೀಟು, ಕೆಳಗೊಂದು ಚುಕ್ಕೆ ಇತ್ತು.

“ಇಳಿ” ಎಂದರು ಮಗಳಿಗೆ.

ಯಾಕೆ ಎಂದಳು ಅವಳು. ರಟ್ಟೆ ಹಿಡಿದು ಇಳಿಸಿ, ಗೇಟಿನ ತನಕ ಎಳೆದುಕೊಂಡೇ ಬಂದರು. ಅಲ್ಲಿ ನಿಂತು, ಗೋಡೆಗೆ ಹೇಳುವವರ ಹಾಗೆ ಹೇಳಿದರು: ಅದು ಒಂದು ಕಾರಲ್ಲ, ಎರಡು. ಒಂದರ ಮುಂಭಾಗ ಅಪ್ಪಚ್ಚಿಯಾಗಿತ್ತು, ಇನ್ನೊಂದರ ಹಿಂಭಾಗ. ಯಜಮಾನ ಎರಡನ್ನೂ ನಡುವೆ ಕತ್ತರಿಸಿ, ಸೀಟಿನ ಕೆಳಗೆ ವೆಲ್ಡಿಂಗ್ ಮಾಡಿಸಿದ. ಬೆಸುಗೆ ಕಾಣದಂತೆ ಮುಚ್ಚಿ ಈ ನೀಲಿ ಹೊಡೆದದ್ದು ತಾವೇ. ಜೋರಾಗಿ ಗುದ್ದಿದರೆ ಅಲ್ಲೇ ಎರಡು ಹೋಳಾಗುತ್ತದೆ.

ಅಷ್ಟರಲ್ಲಿ ಹಿಂದಿನಿಂದ ಬ್ರೋಕರನ ದನಿ ಕೇಳಿಸಿತು. ಯಾರೋ ಒಬ್ಬ ಹೆಂಗಸು, ಮೀಸೆ ಚಿಗುರುತ್ತಿದ್ದ ಮಗನನ್ನು ಕರೆದುಕೊಂಡು ಅದೇ ನೀಲಿ ಕಾರಿನ ಮುಂದೆ ನಿಂತಿದ್ದಳು. ಡಾಕ್ಟರು ಓಡಿಸಿದ ಗಾಡಿಯಮ್ಮಾ, ಎಂದು ಅವನು ಶುರುಮಾಡಿದ್ದ. ಭಾವ ಗೇಟಿನಿಂದಾಚೆ ಕಾಲಿಟ್ಟರು.

“ಅವರಿಗೆ ಹೇಳಲ್ವಾ?” ಎಂದಳು ಹುಡುಗಿ.

ಹೇಳಿದರೆ ನಾಳೆ ಬೆಳಗ್ಗೆಯೊಳಗೆ ಯಜಮಾನನ ಕಿವಿಗೆ ಬೀಳುತ್ತದೆ, ಆಮೇಲೆ ಮನೆ ನಡೆಸುವವರು ಯಾರು ಎಂದು ಭಾವ ಗೊಣಗಿದರು. ಇಷ್ಟು ವರ್ಷ ಮೂಗು ಮುರಿದುಕೊಂಡು ಓಡಾಡಿದ ನಾನು ಆ ಹೊತ್ತಿನಲ್ಲಿ ಅಕ್ಕನ ಸಂಸಾರ ನೆನೆದು, ನಡಿ ಹೋಗೋಣ ಎಂದುಕೊಳ್ಳುತ್ತಿದ್ದೆ. ಹೇಸಿಗೆಪಡಲು ಬೇರೆ ಯಾರನ್ನೂ ಹುಡುಕಬೇಕಾಗಿರಲಿಲ್ಲ.

“ನನ್ನನ್ನ ಇಳಿಸಿದೆಯಲ್ಲಪ್ಪಾ. ಆ ಹುಡುಗ ಕೂರ್ತಾ ಇದಾನೆ, ನೋಡು.”

ಭಾವ ನೋಡಿದರು. ಹುಡುಗ ಸೀಟನ್ನು ಹಿಂದಕ್ಕೆ ತಳ್ಳುತ್ತಿದ್ದ. ಅವರು ತಿರುಗಿ ಹೋದರು, ಬೇಗ ಬೇಗ, ಕಾಲು ಎಡವಿಕೊಂಡು. ಈ ಗಾಡಿ ಬೇಡಮ್ಮಾ ಎಂದರು. ಹೆಂಗಸು ನಂಬಲಿಲ್ಲ, ಇವರಿಗೇ ಬೇಕಾಗಿದೆ, ಅದಕ್ಕೆ ನಮ್ಮನ್ನು ಓಡಿಸಲು ನೋಡುತ್ತಿದ್ದಾರೆ ಎಂದಳು. ಬ್ರೋಕರು ನಕ್ಕ. ಭಾವ ಹುಡುಗನನ್ನು ಇಳಿಸಿ, ಸೀಟಿನ ಕೆಳಗಿನ ಕಾರ್ಪೆಟ್ ಕಿತ್ತು, ಮನೆಯ ಬೀಗದ ಕೈಯಿಂದ ಕೆರೆಯತೊಡಗಿದರು. ಬ್ರೋಕರು ಕಾಲರ್ ಹಿಡಿದು ಎಳೆದರೂ ಬಿಡಲಿಲ್ಲ. ನೀಲಿ ಹೋಯಿತು, ಬಿಳಿ ಪುಟ್ಟಿ ಉದುರಿತು, ಅದರಡಿಯಲ್ಲಿ ಗಂಟುಗಂಟಾದ ಬೆಸುಗೆ ಈ ಬದಿಯಿಂದ ಆ ಬದಿಯವರೆಗೂ ಕಂಡಿತು.

“ನಿಮಗೆ ಹೇಗೆ ಗೊತ್ತು?” ಎಂದಳು ಹೆಂಗಸು.

“ನಾನೇ ಮಾಡಿದ್ದು.”

ಅವಳು ಥ್ಯಾಂಕ್ಸ್ ಹೇಳುತ್ತಾಳೆಂದು ಭಾವ ಕಾಯುತ್ತಿದ್ದರೋ ಏನೋ. ಅವಳು ಮಗನನ್ನು ತನ್ನ ಹಿಂದಕ್ಕೆ ಎಳೆದುಕೊಂಡು, ಭಾವನ ಕಾಲ ಬುಡದಲ್ಲೇ ಉಗಿದು ಹೋದಳು. ಬಸ್ಸಿನಲ್ಲಿ ಹುಡುಗಿ ಅಪ್ಪನ ಪಕ್ಕ ಕೂರಲಿಲ್ಲ.

ಮರುದಿನ ಭಾವನ ಕೆಲಸ ಹೋಯಿತು. ಅದಾದ ಎರಡು ದಿನಕ್ಕೆ ಭಾವ ಎಲ್ಲಿಂದಲೋ ಒಂದು ಗಾಡಿ ತಂದರು. ಒಬ್ಬ ಜುಗ್ಗ ದರ್ಜಿಯದು, ಹನ್ನೆರಡು ವರ್ಷ ಹಳೆಯದು. ಆಸಾಮಿ ಇಂಜಿನ್ನಿಗೆ ಹೊತ್ತುಹೊತ್ತಿಗೆ ಆಯಿಲ್ ಹಾಕಿಸಿದ್ದನೇ ಹೊರತು ಹೊರಗೆ ಒಂದು ಪೈಸೆ ಖರ್ಚು ಮಾಡಿರಲಿಲ್ಲ. ಮೈಯೆಲ್ಲ ಗೀರು, ಹಿಂದೆ ಎರಡು ತಗ್ಗು, ಬಣ್ಣ ಬೂದಿಯಾಗಿತ್ತು. ಎಲ್ಲ ಪೆಟ್ಟೂ ಕಣ್ಣಿಗೆ ಕಾಣುವಂಥ ಗಾಡಿ. ಬೇಕಾದರೆ ಒಂದು ಕೋಟ್ ಹೊಡೆದುಕೊಡುತ್ತೇನೆ ಎಂದರು ಭಾವ. ಬೇಡವೇ ಬೇಡ ಎಂದಳು ಮಗಳು.

ಒಂದನೇ ತಾರೀಕು ಅವಳು ಲ್ಯಾಬಿಗೆ ಹೊರಟಾಗ ದಾರಿ ತೋರಿಸುವ ನೆಪದಲ್ಲಿ ಅಪ್ಪ ಪಕ್ಕ ಕೂತರು, ನಾನು ಹಿಂದೆ. ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ದೊಡ್ಡ ಸಿಗ್ನಲಿನಲ್ಲಿ ನಿಂತಾಗ ಅವಳು ಐದು ದಿನದ ನಂತರ ತಾನಾಗಿಯೇ ಅಪ್ಪನನ್ನು ಮಾತಾಡಿಸಿದಳು.

“ಅಂಥವು ಎಷ್ಟು ಮಾಡಿದೀಯಾ?”

ಭಾವ ಬೆರಳು ಮಡಿಸುತ್ತ ಎಣಿಸಿದರು. “ಹನ್ನೊಂದು. ಅದರಲ್ಲಿ ಒಂದು ಸಿಕ್ತಲ್ಲ.”

“ನಂಬರ್ ಹೇಳು. ಹುಡುಕೋಣ.”

“ನಂಬರ್ ನಾನು ಯಾವತ್ತೂ ನೋಡ್ತಿರಲಿಲ್ಲಮ್ಮಾ. ಬಣ್ಣ ನೆನಪಿದೆ. ಉಳಿದ ಹತ್ತೂ ಬಿಳಿ.”

ಸಿಗ್ನಲ್ ಬಿಟ್ಟಿತು. ಎಡಕ್ಕೆ, ಬಲಕ್ಕೆ, ಎದುರಿಗೆ ಬಿಳಿ ಕಾರುಗಳು ಹೊರಟವು. ಒಂದರ ಹಿಂದಿನ ಸೀಟಿನಲ್ಲಿ ಶಾಲೆಗೆ ಹೊರಟ ಎರಡು ಮಕ್ಕಳಿದ್ದವು. ಹುಡುಗಿ ಗೇರ್ ಹಾಕದೆ ನೋಡುತ್ತಲೇ ಇದ್ದಳು.