ಅತ್ತೆ ಮುಟ್ಟಿ ನೋಡಿದ ಇಲಿ

ತೊಂಬತ್ತರ ದಶಕದ ಕೊನೆಗೆ ನಾನು ಶ್ರೀರಂಗಪಟ್ಟಣದಲ್ಲಿ ಇಲಿ ಸಾಕುವ ಕೆಲಸಕ್ಕೆ ಸೇರಿದೆ. ಪ್ರಯೋಗಾಲಯ, ಸಂಶೋಧನೆ, ಅಲರ್ಜಿ ಎಂದು ಎಷ್ಟು ಬಿಡಿಸಿ ಹೇಳಿದರೂ ತೊಣ್ಣೂರಿನ ನಮ್ಮ ಬೀದಿಯವರ ಕಿವಿಗೆ ಬಿದ್ದದ್ದು ಇಲಿ ಒಂದೇ. ಗದ್ದೆ ಬದುವಿನ ಬಿಲಕ್ಕೆ ಹೊಗೆ ಹಾಕಿ ಇಲಿ ಓಡಿಸುತ್ತಿದ್ದವನು ನಮ್ಮಪ್ಪ. ಬಿ.ಎಸ್ಸಿ. ಓದಿದ ಮಗಳು ಅದೇ ಜಾತಿಯ ಪ್ರಾಣಿಗೆ ಹೊಟ್ಟಿನ ಹಾಸಿಗೆ ಹಾಸಿ ಸಂಬಳ ತರುವುದು ಹೆಮ್ಮೆಯೋ ನಾಚಿಕೆಯೋ ಅವನಿಗೇ ಗೊತ್ತಾಗುತ್ತಿರಲಿಲ್ಲ. ಕೇಳಿದವರಿಗೆ, "ಗೌರ್ಮೆಂಟ್ ಕೆಲ್ಸ ಇದ್ದಂಗೇ ಕಣ್ಲಾ" ಎಂದು ಬಾಯಿ ಮುಚ್ಚಿಸುತ್ತಿದ್ದ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಚೆನ್ನಾಗಿ ತಿಂಡಿ ತಿಂದು, ಕಾಫಿ ಕುಡಿದು, "ಉಡ್ಗಿ ಕೈ ತೊಳ್ಕಂಡು ಅಡ್ಗೆ ಮಾಡ್ತಾಳಾ?" ಎಂದು ಕೇಳಿ ಹೋದವರು ಆ ಕಡೆಗೇ ಹೋದರು. ಒಳ್ಳೆಯದೇ ಆಯಿತು, ಗಂಡಿನ ಮುಖ ನನಗೂ ಹಿಡಿಸಿರಲಿಲ್ಲ.

ಕೆಲಸವೇನೋ ವಿಚಿತ್ರವಾದದ್ದೇ. ನಮ್ಮ ಸಾಹೇಬರು ಎಲ್ಲೋ ದೊಡ್ಡ ಕೆಲಸದಲ್ಲಿದ್ದು ನಿವೃತ್ತರಾದವರು. ಹಳೇ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು, ಗೋಧಿ ತಿಂದರೆ ಕೆಲವರ ಪ್ರಾಣಕ್ಕೇ ಬರುವುದೇಕೆ ಎಂದು ಹುಡುಕುತ್ತಿದ್ದರು. ಮನುಷ್ಯರಿಗೆ ಬೇಕೆಂದೇ ತಿನ್ನಿಸಿ ನೋಡುವಂತಿಲ್ಲವಲ್ಲ, ಅದಕ್ಕೇ ಬಿಳಿ ಇಲಿಗಳು. ಅವೂ ಎಂಥೆಂಥವೋ ಆಗುವುದಿಲ್ಲ. ಹುಟ್ಟಿದಂದಿನಿಂದ ಗೋಧಿ ತಿಂದ ಇಲಿಗೆ ಅದು ಒಗ್ಗಿಹೋಗಿರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ತಾಯಿ ಇಲಿಯ ಕಾಲದಿಂದಲೇ ಗೋಧಿಯ ಸೋಂಕಿಲ್ಲದೆ ಅಕ್ಕಿ ನುಚ್ಚು, ಹಾಲಿನ ಪುಡಿಯ ಮೇಲೆ ಸಾಕಬೇಕು. ಇಷ್ಟು ಮಡಿಯಲ್ಲಿ ಬೆಳೆದ ಮರಿಗೆ ಗೋಧಿಯ ಸತ್ವವನ್ನು ಸೂಜಿಯಲ್ಲಿ ಚೂರು ಚೂರೇ ಕೊಟ್ಟು, ಅದರ ಮೈಗೆ ಗೋಧಿಯ ಮೇಲೆ ಹಗೆ ಹುಟ್ಟಿಸಿ, ಕಡೆಗೊಂದು ದಿನ ಬಾಯಿಗೇ ಗೋಧಿ ಹಾಕಿ ನೋಡುವುದು. ಮೂಗು ಕೆರೆದುಕೊಳ್ಳುತ್ತದೆಯೇ, ಕಣ್ಣಿನ ಸುತ್ತ ಊದುತ್ತದೆಯೇ, ಮೈ ತಣ್ಣಗಾಗುತ್ತದೆಯೇ ಎಂದು ನಾನು ಪಕ್ಕದಲ್ಲೇ ಕೂತು ಕಾಯಬೇಕು. ಕೆರೆದುಕೊಳ್ಳುವುದನ್ನು ನೋಡುವುದು ಮೊದಮೊದಲು ಮಜವೆನಿಸುತ್ತಿತ್ತು. ತಣ್ಣಗಾದದ್ದು ಮತ್ತೆ ಬೆಚ್ಚಗಾಗದೇ ಹೋದ ದಿನ ಮಾತ್ರ ನನಗೆ ಊಟ ಸೇರುತ್ತಿರಲಿಲ್ಲ.

ಅಕ್ಕನನ್ನು ಕೆ.ಆರ್. ಪೇಟೆಗೆ ಕೊಟ್ಟಿದ್ದರು. ಅವಳ ಅತ್ತೆಯನ್ನು ನಾನೂ ಅತ್ತೆ ಎಂದೇ ಕರೆಯುತ್ತಿದ್ದೆ. ಕೆಟ್ಟವರಲ್ಲ. ಬಾಯಿ ಜೋರು, ಕೈ ಧಾರಾಳ, ಆದರೆ ತಾವು ಕಣ್ಣಾರೆ ಕಾಣದ್ದು ಲೋಕದಲ್ಲೇ ಇಲ್ಲ ಎನ್ನುವವರು. ಆ ಮನೆಯಲ್ಲಿ ಶನಿವಾರ ಒಪ್ಪತ್ತು. ಮಧ್ಯಾಹ್ನ ಊಟ, ರಾತ್ರಿ ಅನ್ನ ಮುದ್ದೆ ಮುಟ್ಟದೆ ಚಪಾತಿ. ನಮ್ಮ ಕಡೆ ಅನ್ನ ಮುದ್ದೆ ಬಿಟ್ಟರೆ ಉಳಿದದ್ದು ಊಟದ ಲೆಕ್ಕಕ್ಕೇ ಇಲ್ಲ, ಆರು ಚಪಾತಿ ಬಾರಿಸಿದರೂ ಉಪವಾಸವೇ. ತವರಿನಲ್ಲಿ ಗೋಧಿಯನ್ನು ಅಪರೂಪಕ್ಕೆ ಕಂಡಿದ್ದ ಅಕ್ಕನಿಗೆ ಅಲ್ಲಿ ವಾರವಾರವೂ ಅದೇ ಆಯಿತು. ವಾರವಾರವೂ ಮೈ ತುಂಬ ದದ್ದು, ತುಟಿ ಊತ, ವಾಂತಿ. ಅತ್ತೆ ಅವಳ ಹಣೆ ಮುಟ್ಟಿ ನೋಡಿ, "ಮೈ ಕಾದಿಲ್ಲ, ಏನಿಲ್ಲ. ತಣ್ಣಗವ್ಳೆ. ಶನಿವಾರ ಬಂದ್ರೆ ಇವ್ಳಿಗೊಂದು ನೆವ" ಎಂದು ಎದ್ದು ಹೋಗುತ್ತಿದ್ದರು.

"ತಿನ್ನದಿದ್ರೆ ಸೊಕ್ಕು ಅಂತಾರೆ, ತಿಂದು ಬಿದ್ರೆ ನಾಟ್ಕ ಅಂತಾರೆ. ನೀನಾದ್ರೂ ಬಂದು ಅತ್ತೆಗೆ ಏಳೇ" ಎಂದಳು ಅಕ್ಕ ಫೋನಿನಲ್ಲಿ.

ಬಸ್ಸು ಹತ್ತಿ ಹೋದೆ. ಅತ್ತೆಯನ್ನು ಜಗಲಿಯಲ್ಲಿ ಕೂರಿಸಿಕೊಂಡು, ಅಕ್ಕನಿಗೆ ಗೋಧಿ ಆಗುವುದಿಲ್ಲ, ನಮ್ಮ ಇಲಿಗಳಿಗೂ ಹೀಗೇ ಆಗುತ್ತದೆ, ಕೆಲವು ಸತ್ತೂ ಹೋಗುತ್ತವೆ ಎಂದು ಹೇಳಿದೆ.

"ನನ್ ಸೊಸೆನ ಇಲಿಗೋಲಿಸ್ತೀಯೇನವ್ವ?" ಎಂದು ಅತ್ತೆ ಗದರಿದರು. "ನಮ್ಮಟ್ಟಿ ಅಟ್ಟದ ಮ್ಯಾಲೆ ಇಲಿಗಳು ಗೋದಿ ಮೂಟೆ ತೂತು ಮಾಡಿ ತಿಂದು ತಿಂದು ಗುಂಡ್ಗುಂಡ್ಗೆ ಆಗವೆ. ಒಂದಾದ್ರೂ ಕೆರ್ಕಂಡಿದ್ದು ಕಾಣೆ."

ಮಾತಿನಲ್ಲಿ ಏನೂ ತಪ್ಪಿರಲಿಲ್ಲ. ಹುಟ್ಟಿನಿಂದ ತಿಂದ ಇಲಿಗೆ ಒಗ್ಗಿಹೋಗುತ್ತದೆಂದು ನಮ್ಮ ಸಾಹೇಬರು ಹೇಳುತ್ತಿದ್ದುದೂ ಇದನ್ನೇ. ನಾನು ವಾದ ಬಿಟ್ಟು ಕೈ ಮುಗಿದೆ. ಅತ್ತೆ ಕರಗಿದರು. "ಆಯ್ತು ಬುಡು, ನೀನು ಓದಿರೋಳು. ಇನ್ಮ್ಯಾಕೆ ನಿಮ್ಮಕ್ಕಂಗೆ ಗೋದಿ ಸೋಕ್ಸಕಿಲ್ಲ" ಎಂದು ಮಾತು ಕೊಟ್ಟರು.

ಮಾತು ಉಳಿಸಿಕೊಂಡರು ಕೂಡ. ಮುಂದಿನ ಶನಿವಾರ ಮನೆಯವರಿಗೆಲ್ಲ ಚಪಾತಿ ಮಾಡಿ, ಸೊಸೆಗೆಂದೇ ಬೇರೆ ಒಲೆಯಲ್ಲಿ, ಬೇರೆ ಬಾಣಲೆಯಲ್ಲಿ, ತುಪ್ಪ ಸುರಿದು ಉಪ್ಪಿಟ್ಟು ಮಾಡಿದರು. ಅಂಗಡಿಯಿಂದ ಬೆಳ್ಳಗೆ ಬರುವ ರವೆಯೂ ಗೋಧಿಯೇ ಎಂಬುದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ಅಕ್ಕನಿಗೂ. ಆಸೆಯಿಂದ ತಟ್ಟೆ ತುಂಬ ತಿಂದಳು. ಸ್ವಲ್ಪ ಹೊತ್ತಿಗೆ ಉಸಿರು ಕಟ್ಟಿತು. ಭಾವ ಸ್ಕೂಟರಿನಲ್ಲಿ ಕೂರಿಸಿಕೊಂಡು, ಹಿಂದೆ ಪಕ್ಕದ ಮನೆಯವರನ್ನು ಹತ್ತಿಸಿಕೊಂಡು ಡಾಕ್ಟರ ಹತ್ತಿರ ಓಡಿದರು. ಇಂಜೆಕ್ಷನ್ ಕೊಟ್ಟ ಮೇಲೆ ಜೀವ ಬಂತು.

ಸುದ್ದಿ ಕೇಳಿ ನಾನು ಓಡಿದರೆ ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. "ಗೋದಿ ಒಂದು ಕಾಳೂ ಮುಟ್ಟಿಸ್ನಿಲ್ಲ. ಆದ್ರೂವೆ ಬಂತು. ಈಗೇನಂತೀಯವ್ವ?" ರವೆ ಎಂದರೆ ಗೋಧಿ ಎಂದೆ. ಅವರು ನಕ್ಕೇಬಿಟ್ಟರು. "ರವೆ ಗೋದಿಯಂತೆ! ನಾಳಿಕೆ ಅವಲಕ್ಕಿನೂ ಗೋದಿ ಅಂತೀಯ. ಗೋದಿದೇನೂ ತಪ್ಪಿಲ್ಲ. ಬರೋ ಶನಿವಾರದಿಂದ ಎಲ್ಲರಂಗೆ ಚಪಾತಿನೇ ತಿನ್ಲಿ." ನನಗೆ ಸಿಟ್ಟಿಗಿಂತ ಭಯವೇ ಹೆಚ್ಚಾಯಿತು. ಇನ್ನೊಂದು ಶನಿವಾರಕ್ಕೆ ಅಕ್ಕ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಬಂತು, ಅತ್ತೆಗೆ ಗೊತ್ತಾಗಬೇಕಿತ್ತು.

ಅದೇ ವಾರ ಅತ್ತೆ ಸೊಸೆಗೆ ಒಳ್ಳೆಯದಾಗಲೆಂದು ಹರಕೆ ಹೊತ್ತು ಗಂಜಾಂನ ನಿಮಿಷಾಂಬೆಗೆ ಬಂದರು. ಹಾಗೇ ಪ್ರಸಾದ ಕೊಟ್ಟು ಹೋಗೋಣವೆಂದು ನಮ್ಮ ಬಂಗಲೆ ಹುಡುಕಿಕೊಂಡು ಬಂದು ಸೀದಾ ಒಳಗೆ ನುಗ್ಗಿದರು. ನಾನು ಆಗಷ್ಟೇ ಒಂದು ಇಲಿಗೆ ಗೋಧಿ ಕೊಟ್ಟು ಕೂತಿದ್ದೆ. ಅತ್ತೆ ಗಣಪತಿ ವಾಹನವೆಂದು ಮೊದಲು ಕೈ ಮುಗಿದರು. "ದೂರದಿಂದ ನೋಡಿ ತಾಯಿ" ಎಂದ ಸಾಹೇಬರ ಮಾತು ಅವರಿಗೆ ಕೇಳಿಸಲೇ ಇಲ್ಲ. ಇಲಿ ಮೂಗು ಕೆರೆದುಕೊಂಡಾಗ ನಕ್ಕರು. ಕಣ್ಣಿನ ಸುತ್ತ ಊದಿಕೊಂಡಾಗ ನಗು ಕಡಿಮೆಯಾಯಿತು. ಅದು ಮುದುಡಿ ಮೂಲೆ ಸೇರಿದಾಗ, ಸಾಹೇಬರು ಬೇಡ ಬೇಡ ಎನ್ನುತ್ತಿದ್ದಂತೆಯೇ, ಪಂಜರದೊಳಗೆ ಕೈಯಿಟ್ಟು ಮುಟ್ಟಿ ನೋಡಿದರು.

"ತಣ್ಣಗದೆ" ಎಂದರು.

"ಊಂ ಅತ್ತೆ. ಇದ್ರಲ್ಲಿ ಮೈ ಕಾಯಕಿಲ್ಲ, ತಣ್ಣಗಾಯ್ತದೆ. ಅಂಗಾದ್ರೇನೇ ಭಯ."

"ಏನ್ ಕೊಟ್ರಿ ಇದ್ಕೆ?"

ನಾನು ಗೋಧಿ ಡಬ್ಬಿ ಇಳಿಸಿ, ಒಂದು ಹಿಡಿ ಕಾಳನ್ನು ಮೇಜಿನ ಮೇಲಿದ್ದ ಒರಳಿಗೆ ಹಾಕಿ ಅವರ ಕಣ್ಣೆದುರೇ ಕುಟ್ಟಿದೆ. ತೌಡು ಊದಿ ಅಂಗೈಗೆ ಸುರಿದೆ. ಅತ್ತೆ ಅದನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡಿದರು. ರವೆ ಎಂದು ನಾನು ಹೇಳಬೇಕಾಗಲಿಲ್ಲ.

"ಇಲಿ ಉಳ್ಕತದಾ?" ಎಂದು ಮೆಲ್ಲಗೆ ಕೇಳಿದರು.

"ಕೆಲವು ಉಳಿಯಕಿಲ್ಲ ಅತ್ತೆ."

ಅತ್ತೆ ಅಲ್ಲೇ ನೆಲದ ಮೇಲೆ ಕೂತರು. ಬಸ್ಸು ತಪ್ಪುತ್ತದೆ ಎಂದರೂ ಏಳಲಿಲ್ಲ. ಇಲಿ ಮೈ ಕೊಡವಿ ಎದ್ದು ನೀರು ಕುಡಿದ ಮೇಲೆಯೇ ಸೆರಗಲ್ಲಿ ಮುಖ ಒರೆಸಿಕೊಂಡು ಹೊರಟರು.

ಆಮೇಲೆ ಆ ಮನೆಯಲ್ಲಿ ಶನಿವಾರ ಎಲ್ಲರಿಗೂ ಅವಲಕ್ಕಿ. ನಾಗಮಂಗಲದ ಒಂದು ಮದುವೆಯಲ್ಲಂತೂ ಅತ್ತೆ ಪಂಕ್ತಿಯಿಂದೆದ್ದು ಅಡುಗೆಯವರನ್ನೇ ಹಿಡಿದು, "ಚಿರೋಟಿ ಯಾತರದಯ್ಯ? ಪಾಯ್ಸದ ಶಾವ್ಗೆ ಯಾತರದು? ನಮ್ ಸೊಸೆ ಮೈ ತಣ್ಣಗಾಗೋಯ್ತದೆ. ನಾನೇ ಇಲಿ ಮುಟ್ಟಿ ನೋಡಿವ್ನಿ" ಎಂದು ದಬಾಯಿಸಿದರು. ಅಡುಗೆಯವನು ಮದುವೆಮನೆಯಲ್ಲಿ ಇಲಿ ಸೇರಿದೆಯೆಂದುಕೊಂಡು ಹಿಟ್ಟಿನ ಮೂಟೆಗಳ ಕಡೆ ಓಡಿದನಂತೆ.

ಗೌರಿ ಹಬ್ಬಕ್ಕೆ ಅಕ್ಕ ತೊಣ್ಣೂರಿಗೆ ಬಂದಾಗ ನಾನು ಅತ್ತೆಯ ಹಾಗೇ ಸೆರಗು ಸಿಕ್ಕಿಸಿಕೊಂಡು ಇಡೀ ಪ್ರಸಂಗವನ್ನು ಆಡಿ ತೋರಿಸಿದೆ. ಅವ್ವ ಅಪ್ಪ ಬಿದ್ದು ಬಿದ್ದು ನಕ್ಕರು. ಅಕ್ಕನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನೀರು ಒರೆಸಿಕೊಳ್ಳುತ್ತ, "ಮದ್ವೆ ಆದಾಗ್ನಿಂದ ಬಾಯ್ಬಿಟ್ಟು ಏಳ್ತಾನೇ ಇದ್ದೆ ಕಣೇ" ಎಂದಳು. "ಆ ಇಲಿ ಒಂದು ಮಾತೂ ಆಡ್ನಿಲ್ಲ. ಅದ್ನ ನಂಬ್ಬುಟ್ರು."